ಪದಕದ ಪೆಟ್ಟಿಗೆ

ಮನೆಯಲ್ಲಿ ಚಿನ್ನವಿದ್ದರೆ ಅದನ್ನು ಎಲ್ಲಿಡಬೇಕೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಸೈನಿಕನೊಬ್ಬನ ಪದಕವನ್ನು ಇಡುವ ಬಗೆ ಎಲ್ಲರಿಗೂ ತಿಳಿದಿಲ್ಲ. ಎಷ್ಟೋ ಮನೆಗಳಲ್ಲಿ ಅದು ಕಬ್ಬಿಣದ ಟ್ರಂಕಿನ ತಳದಲ್ಲಿ, ಹಳೆಯ ಬಟ್ಟೆಗಳ ನಡುವೆ ಅಡಗಿರುತ್ತದೆ. ಮತ್ತೆ ಕೆಲವು ಮನೆಗಳಲ್ಲಿ ಗಾಜಿನ ಚೌಕಟ್ಟಿನೊಳಗೆ ಕುಳಿತು ಗೋಡೆಯ ಮೇಲೆ ತೂಗುತ್ತಿರುತ್ತದೆ. ಮೊದಲನೆಯದು ಮರೆಯುವ ದಾರಿ. ಎರಡನೆಯದು ಮೆರೆಯುವ ದಾರಿ. ಇವೆರಡರ ನಡುವೆ ಮೂರನೆಯ ದಾರಿಯೊಂದುಂಟು. ಮನೆಯವರೇ ಮುತುವರ್ಜಿಯಿಂದ ಮಾಡಿದ, ಆಗಾಗ ತೆರೆದು ನೋಡುವ ಮರದ ಪೆಟ್ಟಿಗೆಯೇ ಆ ದಾರಿ.

ಪೆಟ್ಟಿಗೆ ಕಾಪಾಡಬೇಕಾದುದು ಏನನ್ನು? 1914ರಿಂದ 1918ರವರೆಗೆ ನಡೆದ ಮೊದಲನೆಯ ಮಹಾಯುದ್ಧದಲ್ಲಿ ಭಾರತದ 13 ಲಕ್ಷಕ್ಕೂ ಹೆಚ್ಚು ಜನ ಸೇವೆ ಸಲ್ಲಿಸಿದರು. 70,000ಕ್ಕೂ ಹೆಚ್ಚು ಮಂದಿ ಮರಳಿ ಬರಲಿಲ್ಲ. ಮೈಸೂರು ಸಂಸ್ಥಾನದ ಅಶ್ವದಳವು ಜೋಧಪುರದ ಅಶ್ವದಳದೊಡನೆ ಸೇರಿ, ತುರ್ಕಿ ಸೇನೆಯ ಹಿಡಿತದಲ್ಲಿದ್ದ ಹೈಫಾ ನಗರವನ್ನು 1918ರ ಸೆಪ್ಟೆಂಬರ್ 23ರಂದು ಗೆದ್ದುಕೊಂಡಿತು. ಆ ನಗರ ಈಗ ಇಸ್ರೇಲಿನಲ್ಲಿದೆ. ಆ ಮಹಾಯುದ್ಧದ ಸೈನಿಕರಿಗೆ ಬ್ರಿಟಿಷ್ ಸರ್ಕಾರ ಕೊಟ್ಟ ಬೆಳ್ಳಿಯ ಪದಕದ ಒಂದು ಮುಖದಲ್ಲಿ ಐದನೆಯ ಜಾರ್ಜ್ ದೊರೆಯ ಚಿತ್ರವಿದೆ. ಮತ್ತೊಂದು ಮುಖದಲ್ಲಿ ಕುದುರೆ ಸವಾರನ ಚಿತ್ರವಿದೆ. ಸೈನಿಕನ ಹೆಸರು ಇರುವುದು ಅಂಚಿನಲ್ಲಿ. ಅವನ ಸಂಖ್ಯೆ, ಹುದ್ದೆ, ಹೆಸರು, ದಳ, ಇಷ್ಟೂ ಆ ಕಿರಿದಾದ ಅಂಚಿನ ಮೇಲೆ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿವೆ. ದೊರೆಯ ಮುಖ ಲಕ್ಷಾಂತರ ಪದಕಗಳಲ್ಲಿ ಒಂದೇ ಬಗೆಯದು. ಅಂಚಿನ ಹೆಸರು ಮಾತ್ರ ಒಂದು ಮನೆಗೆ ಸೇರಿದ್ದು. ಕಾಪಾಡಬೇಕಾದುದು ಆ ಅಂಚನ್ನು. ಪದಕ ಥಳಥಳಿಸಲೆಂದು ಹಬ್ಬಕ್ಕೊಮ್ಮೆ ಪುಡಿ ಹಾಕಿ ಉಜ್ಜುವವರು ಈ ಮಾತನ್ನು ನೆನೆಯಬೇಕು. ಪ್ರತಿ ಸಲ ಉಜ್ಜಿದಾಗಲೂ ಒಂದಿಷ್ಟು ಲೋಹ ಸವೆಯುತ್ತದೆ. ಹೊಳಪು ಬರುತ್ತದೆ, ಹೆಸರು ಹೋಗುತ್ತದೆ.

ಇನ್ನು ಪೆಟ್ಟಿಗೆಯ ಮಾತು. ಮಲೆನಾಡಿನಲ್ಲಿ, ಕೊಡಗಿನಲ್ಲಿ ಮಳೆಗಾಲದ ತೇವ ಗೋಡೆಯನ್ನೂ ಬಿಡುವುದಿಲ್ಲ. ಹಸಿಮರದ ಹಲಗೆ ಒಣಗುತ್ತ ಸೊಟ್ಟಗಾಗುತ್ತದೆ, ಬಿರಿಯುತ್ತದೆ. ಆದುದರಿಂದ ಚೆನ್ನಾಗಿ ಒಣಗಿದ ತೇಗವೇ ಮೇಲು. ಹಲಗೆಗಳಿಗೆ ಹತ್ತರಿ ಹೊಡೆದು ನಯಮಾಡಿ, ತುದಿಗಳನ್ನು ಹಲ್ಲುಗಳಂತೆ ಕೊರೆದು ಒಂದರೊಳಗೊಂದು ಕೂಡಿಸಿದರೆ ಮೂಲೆಗಳು ಮೊಳೆಯ ಹಂಗಿಲ್ಲದೆ ಬಿಗಿಯಾಗಿ ನಿಲ್ಲುತ್ತವೆ. ಒಳಗೆ ಪ್ರತಿಯೊಂದು ಪದಕಕ್ಕೂ ಅದರ ಅಳತೆಯ ಕುಳಿಯಿರಬೇಕು. ಒಂದಕ್ಕೊಂದು ತಾಗಿದರೆ ಅಂಚು ಜಜ್ಜಿಹೋಗುತ್ತದೆ. ಒಳಗಣ ಹಾಸಿಗೆ ಉಣ್ಣೆಯೂ ರಬ್ಬರೂ ಸಲ್ಲವು. ಅವುಗಳಲ್ಲಿರುವ ಗಂಧಕದ ಅಂಶ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಒಗೆದು ಒಣಗಿಸಿದ ಬಿಳಿಯ ಹತ್ತಿಬಟ್ಟೆ ಸಾಕು. ಪದಕದ ಬಣ್ಣದ ಪಟ್ಟಿ ಬೆಳಕಿಗೆ ಮಾಸುತ್ತದೆ. ಮುಚ್ಚಳವಿರುವ ಪೆಟ್ಟಿಗೆ ಗೋಡೆಯ ಚೌಕಟ್ಟಿಗಿಂತ ಲೇಸೆನ್ನಲು ಅದೊಂದು ಕಾರಣ.

ಹಾಗೆಂದು ಪೆಟ್ಟಿಗೆಯನ್ನು ಸದಾ ಮುಚ್ಚಿಡುವುದೂ ತರವಲ್ಲ. ಮರವು ಕಡಿದ ಮೇಲೂ ಅಲ್ಪಸ್ವಲ್ಪ ಆಮ್ಲದ ಆವಿಯನ್ನು ಹೊರಬಿಡುತ್ತಲೇ ಇರುತ್ತದೆ. ಗಾಳಿಯಾಡದ ಪೆಟ್ಟಿಗೆಯಲ್ಲಿ ಆ ಆವಿ ನಿಂತು ಲೋಹವನ್ನು ತಿನ್ನುತ್ತದೆ. ತಿಂಗಳಿಗೊಮ್ಮೆಯಾದರೂ ಮುಚ್ಚಳ ತೆರೆದು ಗಾಳಿಯಾಡಿಸುವುದು ಲೋಹಕ್ಕೆ ಹಿತ. ಮುಚ್ಚಳ ತೆರೆದವನು ಪದಕವನ್ನು ನೋಡದಿರಲಾರ, ನೋಡಿದ ಮಗು ಕೇಳದಿರಲಾರದು: “ಇದು ಯಾರದು?” ಲೋಹಕ್ಕೆ ಯಾವುದು ಹಿತವೋ ನೆನಪಿಗೂ ಅದೇ ಹಿತ.

ಆ ಪ್ರಶ್ನೆಗೆ ಉತ್ತರ ಕೊಡುವ ಹಿರಿಯರು ಎಂದೆಂದಿಗೂ ಇರುವುದಿಲ್ಲ. ಆದಕಾರಣ ಪದಕಗಳ ಕೆಳಗೆ ಒಂದು ಸಣ್ಣ ಸೆಳೆಖಾನೆ ಇರಬೇಕು. ಅದರಲ್ಲಿ ಬರೆದ ಕಾಗದವಿರಬೇಕು. ಪರಮವೀರಚಕ್ರವನ್ನೇ ನೋಡಬಹುದು. ಸಾವಿತ್ರಿ ಖಾನೋಲ್ಕರ್ ಅವರು ರೂಪಿಸಿದ ಆ ಪದಕ ಸುಮಾರು ಮೂರೂವರೆ ಸೆಂಟಿಮೀಟರ್ ಅಗಲದ ಕಂಚಿನ ಬಿಲ್ಲೆ. ಕಾರವಾರದ ಬಳಿಯ ಚೆಂಡಿಯಾದ ರಾಮ ರಾಘೋಬ ರಾಣೆಯವರು 1948ರ ಏಪ್ರಿಲ್‌ನಲ್ಲಿ, ಕಾಶ್ಮೀರದ ನೌಶೇರಾ-ರಾಜೌರಿ ದಾರಿಯಲ್ಲಿ, ಗಾಯಗೊಂಡಿದ್ದರೂ ಶತ್ರುಗಳ ಗುಂಡಿನ ನಡುವೆ ನೆಲಬಾಂಬುಗಳನ್ನು ತೆಗೆದು ಟ್ಯಾಂಕುಗಳಿಗೆ ಹಾದಿ ಮಾಡಿಕೊಟ್ಟರು. ಅದಕ್ಕಾಗಿ ಅವರಿಗೆ ಈ ಪದಕ ಸಂದಿತು. ಈ ಕಥೆಯನ್ನು ಕಂಚು ತಾನಾಗಿ ಹೇಳಲಾರದು. ರಾಣೆಯವರ ಸಾಹಸ ಸರ್ಕಾರದ ದಾಖಲೆಯಲ್ಲಿದೆ. ಸಾಮಾನ್ಯ ಸೈನಿಕನ ಕಥೆಯನ್ನು ಅವನ ಮನೆಯವರು ಬರೆಯದಿದ್ದರೆ ಬೇರೆ ಯಾರು ಬರೆದಾರು?

ಇಲ್ಲಿ ಒಂದು ಆಕ್ಷೇಪ ಹುಟ್ಟಬಹುದು. ಪರರ ಆಳ್ವಿಕೆಯಲ್ಲಿ, ಪರದೇಶದ ದೊರೆಗಾಗಿ ಹೋರಾಡಿ ಪಡೆದ ಪದಕಕ್ಕೆ ಸ್ವತಂತ್ರ ಭಾರತದ ಮನೆಯಲ್ಲಿ ಗೌರವವೇಕೆ? ಪ್ರಶ್ನೆ ನ್ಯಾಯವಾದುದೇ. ಆದರೆ ಅದಕ್ಕೆ ಉತ್ತರ ಪದಕವನ್ನು ಎಸೆಯುವುದಲ್ಲ, ಸತ್ಯವನ್ನು ಬರೆದಿಡುವುದು. ಅವನು ಸೈನ್ಯ ಸೇರಿದ್ದು ಶೌರ್ಯದ ಆಸೆಗೋ, ಸಂಬಳಕ್ಕೋ, ಬಡತನಕ್ಕೋ? ಹಿಂದಿರುಗಿದಾಗ ಹೇಗಿದ್ದನು? ಹಿಂದಿರುಗದಿದ್ದರೆ ಮನೆಯ ಹೆಂಗಸರು ಹೇಗೆ ಬಾಳಿದರು? ಅದೇ ಮಹಾಯುದ್ಧದಲ್ಲಿ ಸೈನಿಕರಿಗೆ ಬೆಳ್ಳಿಯ ಪದಕ, ಭಾರತದ ಕೂಲಿದಳದವರಿಗೆ ಅದೇ ಅಚ್ಚಿನ ಕಂಚಿನ ಪದಕ ಎಂಬ ಭೇದವಿತ್ತು. ಇದೂ ಆ ಕಾಗದದಲ್ಲಿ ಸೇರಲಿ. ಗೆದ್ದ ಊರಿನಲ್ಲಿ ಸತ್ತವರಿಗೂ ತಾಯಂದಿರಿದ್ದರು ಎಂಬುದೂ ಸೇರಲಿ. ಹೊಗಳಿಕೆಯೊಂದನ್ನೇ ತುಂಬಿಟ್ಟ ಪೆಟ್ಟಿಗೆ ನೆನಪಿನ ಪೆಟ್ಟಿಗೆಯಾಗಲಾರದು.

ಅಂಗಡಿಯಲ್ಲಿ ಚೆಲುವಾದ ಪೆಟ್ಟಿಗೆಗಳು ದೊರೆಯುತ್ತವೆ, ನಿಜ. ಆದರೆ ಪ್ರತಿ ಪದಕದ ಅಳತೆ ಹಿಡಿದು ಕುಳಿ ಕೊರೆಯುವವನು ಅದನ್ನು ಹತ್ತಾರು ಸಲ ಕೈಯಲ್ಲಿ ಹಿಡಿಯುತ್ತಾನೆ. ಅಂಚಿನ ಅಕ್ಷರಗಳನ್ನು ಓದುತ್ತಾನೆ. ತಿಳಿಯದುದನ್ನು ಅಜ್ಜಿಯನ್ನು ಕೇಳುತ್ತಾನೆ. ಪೆಟ್ಟಿಗೆ ಮುಗಿಯುವ ಹೊತ್ತಿಗೆ ಪದಕದ ಒಡೆಯ ಅವನಿಗೆ ಪರಿಚಿತನಾಗಿರುತ್ತಾನೆ. ಕೊಂಡು ತಂದ ಪೆಟ್ಟಿಗೆ ಈ ಪರಿಚಯವನ್ನು ಮಾಡಿಕೊಡಲಾರದು.

ಪೆಟ್ಟಿಗೆಗೆ ಒಂದು ಚಿಲಕವಿದ್ದರೆ ಸಾಕು, ಬೀಗ ಬೇಡ. ಬೀಗದ ಕೈ ಒಬ್ಬರ ಬಳಿ ಉಳಿದರೆ ನೆನಪೂ ಅವರೊಬ್ಬರ ಬಳಿಯೇ ಉಳಿಯುತ್ತದೆ. ಸೈನಿಕ ದುಡಿದುದು ಮನೆಯವರೆಲ್ಲರಿಗಾಗಿ. ಅವನ ಹೆಸರನ್ನು ಓದುವ ಹಕ್ಕು ಮನೆಯ ಅತಿ ಕಿರಿಯ ಮಗುವಿಗೂ ಉಂಟು.