ಅಯೋವಾದ ಲೆಕ್ಕ ಯಡೂರಿಗೆ ಸಾಲದು

ಕೃಷ್ಣೆಯ ದಂಡೆಯ ಯಡೂರಿನ ಸುತ್ತಲ ಕಬ್ಬಿನ ಸೀಮೆಯಲ್ಲಿ ಕಸಕ್ಕೆ ಎಣ್ಣೆ ಹೊಡೆಯುವುದು ಈಗ ನಿತ್ಯದ ಕೆಲಸ. ಬದುವಿನ ಕರಕಿ, ಜೇಕು ಒಣಗಿಸಲು ತರುವ ಎಣ್ಣೆಗಳಲ್ಲಿ, ಅಂದರೆ ಕಸನಾಶಕಗಳಲ್ಲಿ, ಗ್ಲೈಫೊಸೇಟ್ ಒಂದು. ಅದರಿಂದ ಕ್ಯಾನ್ಸರ್ ಬರುತ್ತದೆಯೇ ಎಂದು ಕೇಳಿದರೆ ‘ಅಮೆರಿಕವೇ ಸುರಕ್ಷಿತ ಅಂದಿದೆ’ ಎಂಬ ಉತ್ತರ ಸಿದ್ಧವಿರುತ್ತದೆ. ಅದನ್ನು ನಾವು ಒಪ್ಪಬಾರದು.

2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮನುಷ್ಯರಿಗೆ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ 2ಎ ಗುಂಪಿಗೆ ಸೇರಿಸಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅಂಥ ಸಂಭವವಿಲ್ಲ ಎಂದಿತು. ಆ ತೀರ್ಮಾನಕ್ಕೆ ಪುರಾವೆ ಸಾಲದೆಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯವೇ 2022ರ ಜೂನ್‌ನಲ್ಲಿ ಅದನ್ನು ತಳ್ಳಿಹಾಕಿತು. ಈ ಮಾತನ್ನು ಮಾತ್ರ ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಇಷ್ಟಕ್ಕೂ ಆ ಎರಡು ಸಂಸ್ಥೆಗಳ ಪ್ರಶ್ನೆಯೇ ಬೇರೆ ಬೇರೆ. ಮೊದಲ ಸಂಸ್ಥೆ ಕೇಳಿದ್ದು ಈ ವಸ್ತುವಿಗೆ ಕ್ಯಾನ್ಸರ್ ತರುವ ಗುಣ ಉಂಟೇ ಎಂದು. ಎರಡನೆಯದು ಕೇಳಿದ್ದು ಬಳಸುವವರ ಮೈಗೆ ತಗಲುವಷ್ಟರಿಂದ ಅದು ಬಂದೀತೇ ಎಂದು. ಹಾಗಾದರೆ ಯಾರ ಮೈಗೆ, ಎಷ್ಟು?

ಕಸನಾಶಕ ಕಂಪನಿಗಳ ಪರ ವಾದಿಸುವವರು ಎತ್ತಿ ತೋರುವುದು ಅಮೆರಿಕದ ಅಯೋವಾ, ನಾರ್ತ್ ಕೆರೊಲಿನಾ ರಾಜ್ಯಗಳ 54,000ಕ್ಕೂ ಹೆಚ್ಚು ಸಿಂಪಡಣೆಗಾರರ ಅಧ್ಯಯನ. ಅವರಲ್ಲಿ ಲಿಂಫೋಮಾ ಕ್ಯಾನ್ಸರಿಗೂ ಗ್ಲೈಫೊಸೇಟಿಗೂ ನಂಟು ಕಾಣಲಿಲ್ಲ, ನಿಜ. ಆದರೆ ಅದನ್ನೂ ಸೇರಿಸಿ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿದ 2019ರ ವಿಶ್ಲೇಷಣೆಯಲ್ಲಿ, ಅತಿ ಹೆಚ್ಚು ತಗಲಿಸಿಕೊಂಡವರಿಗೆ ಆ ರೋಗದ ಅಪಾಯ ಶೇ 41ರಷ್ಟು ಹೆಚ್ಚಿತ್ತು. ಅಯೋವಾದವರು ಪರವಾನಗಿ ಪಡೆದು ಸಿಂಪಡಿಸುವವರು. ನಮ್ಮ ಕೂಲಿಯವನದು ಬೆನ್ನ ಮೇಲೆ ಸೋರುವ ಪಂಪು, ಬರಿಗಾಲು, ತೋಯ್ದ ಅಂಗಿ. ಅದೇ ಕೈಯಲ್ಲಿ ಮಧ್ಯಾಹ್ನದ ರೊಟ್ಟಿ. ಅಲ್ಲಿಯ ಅಂಕಿ ತೋರಿಸಿ ಇವನಿಗೆ ಧೈರ್ಯ ಹೇಳುವುದು ಅನ್ಯಾಯ.

ನಮ್ಮ ದೇಶದಲ್ಲಿ ಗ್ಲೈಫೊಸೇಟಿಗೆ ಒಪ್ಪಿಗೆ ಇದ್ದದ್ದು ಚಹಾ ತೋಟಕ್ಕೆ ಮತ್ತು ಬೆಳೆಯಿಲ್ಲದ ಜಾಗಕ್ಕೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ, ಕೀಟ ನಿಯಂತ್ರಣದ ಪರವಾನಗಿ ಉಳ್ಳವರನ್ನು ಬಿಟ್ಟು ಬೇರಾರೂ ಇದನ್ನು ಬಳಸಕೂಡದೆಂದು ಆದೇಶಿಸಿತು. ಬದುವಿನ ಕಸ ಸಾಯಿಸಲು ಯಡೂರಿನ ರೈತ ಅಂಥವರನ್ನು ಎಲ್ಲಿಂದ ಕರೆತರಬೇಕು? ಆಳು ಸಿಗದೆ, ಕೂಲಿ ಏರಿ ಆತ ಎಣ್ಣೆಗೆ ಕೈಹಾಕಿದ್ದಾನೆ. ಅವನನ್ನು ಬೈದು ಫಲವಿಲ್ಲ. ಬರಿಯ ನಿಷೇಧ ಕೂಗಿದರೆ ಆತ ಪ್ಯಾರಾಕ್ವಾಟ್ ಎಂಬ ಇನ್ನೊಂದು ಕಸನಾಶಕ ಕೊಳ್ಳುತ್ತಾನೆ. ಅದು ಹೊಟ್ಟೆಗೆ ಹೋದರೆ ಮದ್ದೇ ಇಲ್ಲ.

ಮೊದಲು ಬೇಕಿರುವುದು ನಮ್ಮದೇ ಲೆಕ್ಕ. ಈ ಭಾಗದವರು ಕ್ಯಾನ್ಸರ್ ಅಂದರೆ ಮಿರಜ, ಕೊಲ್ಹಾಪುರದ ಬಸ್ಸು ಹತ್ತುತ್ತಾರೆ. ಚಿಕಿತ್ಸೆಯ ದಾಖಲೆ ಗಡಿಯಾಚೆ ಮಹಾರಾಷ್ಟ್ರದಲ್ಲೇ ಉಳಿಯುತ್ತದೆ. ಎರಡೂ ರಾಜ್ಯಗಳ ಆರೋಗ್ಯ ಇಲಾಖೆಗಳು ಆ ದಾಖಲೆ ಹಂಚಿಕೊಳ್ಳಲಿ. ಅದರಲ್ಲಿ ರೋಗಿಯ ಕಸುಬು, ಹೊಡೆದ ಎಣ್ಣೆಯ ಹೆಸರು ಇರಲಿ. ಐಸಿಎಂಆರ್‌ನ ಔದ್ಯೋಗಿಕ ಆರೋಗ್ಯ ಸಂಸ್ಥೆಗೆ ಬೆಂಗಳೂರಿನಲ್ಲೇ ಪ್ರಾದೇಶಿಕ ಕೇಂದ್ರವಿದೆ. ಅಲ್ಲಿಯ ತಜ್ಞರು ಚಿಕ್ಕೋಡಿ, ರಾಯಬಾಗ, ಕಾಗವಾಡದ ಹೊಲಗಳಿಗೆ ಬಂದು, ಎಣ್ಣೆ ಹೊಡೆಯುವ ಮೊದಲೂ ನಂತರವೂ ಕೂಲಿಕಾರರ ಮೂತ್ರ ಪರೀಕ್ಷೆ ಮಾಡಲಿ, ಫಲಿತಾಂಶವನ್ನು ಪರೀಕ್ಷೆಗೆ ಒಳಗಾದವರಿಗೇ ಕನ್ನಡದಲ್ಲಿ ಕೊಡಲಿ.