ಏರಿನಲ್ಲಿ ಕಾರು ನಿಲ್ಲಿಸೋದು ಬಟನ್ನಾ, ನಿಮ್ಮ ಕಾಲಾ?

ನೀವು ಕಾರು ಓಡಿಸ್ತೀರಾ? ಹಾಗಿದ್ದರೆ ಈ ಮಾತು ನಿಮಗೇ. ಮಕ್ಕಳನ್ನು ಶಾಲೆಗೆ ಬಿಡುವಾಗ, ತರಕಾರಿ ತರುವಾಗ ಸಲೀಸಾಗಿ ಗೇರ್ ಬದಲಿಸುವ ನೀವು, ಮಾಲ್‌ನ ಬೇಸ್‌ಮೆಂಟ್ ಪಾರ್ಕಿಂಗ್‌ನಿಂದ ಮೇಲೆ ಬರುವ ಏರಿನಲ್ಲಿ ಮುಂದಿನ ಕಾರು ಗಕ್ಕನೆ ನಿಂತುಬಿಟ್ಟರೆ ಒಳಗೊಳಗೇ ಮನೆದೇವರನ್ನು ನೆನೆಸ್ತೀರಿ, ಅಲ್ವಾ? ಹಿಂದೆ ಇನ್ನೊಂದು ಗಾಡಿ ಅಂಟಿಕೊಂಡ ಹಾಗೆ ನಿಂತಿರುತ್ತೆ. ಬ್ರೇಕ್‌ನಿಂದ ಕಾಲು ತೆಗೆದರೆ ಕಾರು ಹಿಂದಕ್ಕೆ ಜಾರುತ್ತೆ, ಕ್ಲಚ್ ಬೇಗ ಬಿಟ್ಟರೆ ಆಫ್ ಆಗುತ್ತೆ. ಅಷ್ಟರಲ್ಲಿ ಹಿಂದಿನವನು ಹಾರ್ನ್ ಮೇಲೆ ಕೈಯಿಟ್ಟು ಕೂತಿರುತ್ತಾನೆ. ಪಕ್ಕದಲ್ಲಿ ಪತಿರಾಯರಿದ್ದರಂತೂ ಕೇಳುವುದೇ ಬೇಡ. ‘ಕ್ಲಚ್ ಬಿಡೇ, ಬಿಡೇ... ಅಯ್ಯೋ ಅಷ್ಟೊಂದಲ್ಲ!’

ಇದಕ್ಕೆಲ್ಲ ಒಂದೇ ಮದ್ದು ಅನ್ನುವ ಹಾಗೆ ಈಗ ಶೋರೂಮಿನವರು ಹೇಳುವ ಮಂತ್ರ ‘ಹಿಲ್ ಹೋಲ್ಡ್’. ಕೆಲವರು ‘ಹಿಲ್ ಸ್ಟಾರ್ಟ್ ಅಸಿಸ್ಟ್’ ಅಂತಾರೆ, ಎರಡೂ ಒಂದೇ. ‘ಮೇಡಂ, ಇದಿದ್ರೆ ಏರಿನಲ್ಲಿ ಗಾಡಿ ಹಿಂದೆ ಬರೋದೇ ಇಲ್ಲ, ನೀವು ಟೆನ್ಶನ್ನೇ ತಗೋಬೇಡಿ.’ ಹಿಂದೆ ದುಬಾರಿ ಕಾರುಗಳಲ್ಲಿ ಮಾತ್ರ ಇದ್ದದ್ದು ಈಗ ಸಣ್ಣ ಕಾರುಗಳಿಗೂ ಬಂದಿದೆ. 2024ರಲ್ಲಿ ಬಂದ ಹೊಸ ಸ್ವಿಫ್ಟ್‌ನಲ್ಲಿ ಎಲ್ಲ ಮಾದರಿಗಳಿಗೂ ಕೊಟ್ಟಿದ್ದಾರೆ. ಒಳ್ಳೆಯದೇ. ಆದರೆ ಗೇರ್ ಇರುವ ಕಾರಿನಲ್ಲಿ ಇದು ಬಂದ ಮೇಲೆ ಟೆನ್ಶನ್ ಕಮ್ಮಿಯಾಯಿತು ಅನ್ನುವವರು ಎಷ್ಟು ಮಂದಿಯೋ, ‘ಥೂ, ಇದೊಂದು ಕಾಟ’ ಅನ್ನುವವರೂ ಅಷ್ಟೇ ಸಿಗ್ತಾರೆ. ನನ್ನ ಗೆಳತಿಯೊಬ್ಬಳು ಹೊಸ ಕಾರು ತಂದು ತಿಂಗಳಾಗುವುದರೊಳಗೆ ಕೀ ತೆಗೆದು ಶೋಕೇಸಿನಲ್ಲಿಟ್ಟಳು. ‘ಹಳೇ ಕಾರೇ ವಾಸಿ ಕಣೇ, ಅದು ನಾನು ಹೇಳಿದ ಹಾಗೆ ಕೇಳ್ತಿತ್ತು. ಇದು ತನಗೆ ತೋಚಿದಾಗ ನಿಲ್ಲುತ್ತೆ, ತೋಚಿದಾಗ ಹಾರುತ್ತೆ’ ಅಂತ ಅವಳ ದೂರು. ಎಂಟು ವರ್ಷ ಕಾರು ಓಡಿಸಿದವಳು ಈಗ ಆಟೋಗೆ ಕೈ ಅಡ್ಡ ಹಾಕ್ತಾಳೆ.

ತಪ್ಪು ಅವಳದ್ದಲ್ಲ. ಅದು ಹೇಗೆ ಕೆಲಸ ಮಾಡುತ್ತೆ ಅಂತ ಅವಳಿಗೆ ಯಾರೂ ಕೂರಿಸಿಕೊಂಡು ಹೇಳಲಿಲ್ಲ, ಅಷ್ಟೇ. ಹೇಳುವುದೇನೂ ಬ್ರಹ್ಮವಿದ್ಯೆಯಲ್ಲ. ಕಾರು ಏರಿನಲ್ಲಿ ನಿಂತಿದೆ ಅಂತ ಒಳಗಿನ ಸೆನ್ಸರ್ ಗುರುತಿಸುತ್ತದೆ. ನೀವು ಬ್ರೇಕ್ ಪೆಡಲ್‌ನಿಂದ ಕಾಲು ತೆಗೆದರೂ ಬ್ರೇಕ್ ಒತ್ತಡವನ್ನು ಸುಮಾರು ಎರಡು ಸೆಕೆಂಡು ಹಾಗೇ ಹಿಡಿದಿಡುತ್ತದೆ. ಅಷ್ಟರೊಳಗೆ ನಿಮ್ಮ ಕಾಲು ಆಕ್ಸಿಲರೇಟರ್‌ಗೆ ಹೋಗಬೇಕು, ಕ್ಲಚ್ ಹಿಡಿಯಬೇಕು, ಗಾಡಿ ಹೊರಡಬೇಕು. ಇಂಜಿನ್ ಸಾಕಷ್ಟು ಎಳೀತಿದೆ ಅಂತ ಗೊತ್ತಾದರೆ, ಇಲ್ಲವೇ ಸಮಯ ಮುಗಿದರೆ, ಬ್ರೇಕ್ ಬಿಟ್ಟುಬಿಡುತ್ತದೆ. ಗಾಡಿ ಜಾರದ ಹಾಗೆ ನೋಡಿಕೊಳ್ಳುವ ‘ಇಎಸ್‌ಪಿ’ ಅಂತ ಒಂದು ವ್ಯವಸ್ಥೆ ಇದೆಯಲ್ಲ, ಇದು ಅದರ ಜೊತೆಯಲ್ಲೇ ಬರುವ ಕೂಸು.

ಈಗ ಗೆಳತಿಯ ದೂರನ್ನು ಬಿಡಿಸಿ ನೋಡಿ. ಅವಳಿಗೆ ಹಾಫ್ ಕ್ಲಚ್ ಚೆನ್ನಾಗಿ ಗೊತ್ತು. ಅಭ್ಯಾಸದ ಹಾಗೆ ಮೆಲ್ಲಗೆ ಕ್ಲಚ್ ಬಿಡ್ತಾಳೆ, ಬಾನೆಟ್ ಸ್ವಲ್ಪ ಎದ್ದ ಹಾಗಾಗುತ್ತದೆ, ಹಳೇ ಕಾರಾಗಿದ್ದರೆ ಆ ಕ್ಷಣಕ್ಕೆ ಹೊರಡುತ್ತಿತ್ತು. ಇಲ್ಲಿ ಬ್ರೇಕ್ ಇನ್ನೂ ಹಿಡಿದುಕೊಂಡೇ ಇದೆ. ಏನೋ ಅಡ್ಡ ಸಿಕ್ಕಿದೆ ಅಂದುಕೊಂಡು ಆಕ್ಸಿಲರೇಟರ್ ಜಾಸ್ತಿ ಒತ್ತುತ್ತಾಳೆ. ಅದೇ ಹೊತ್ತಿಗೆ ಬ್ರೇಕ್ ಬಿಡುತ್ತದೆ. ಕಾರು ಮೊಲದ ಹಾಗೆ ಮುಂದಕ್ಕೆ ಹಾರುತ್ತದೆ. ಮುಂದಿನ ಕಾರಿನ ಬಂಪರ್‌ಗೂ ನಿಮಗೂ ಒಂದು ಮೊಳ ಅಂತರ ಇರುವ ಬೆಂಗಳೂರಿನ ಫ್ಲೈಓವರ್ ಮೇಲೆ ಇದು ತಮಾಷೆಯ ಮಾತಲ್ಲ.

ಇದರ ಉಲ್ಟಾ ಇನ್ನೂ ಅಪಾಯ. ಹೊಸದಾಗಿ ಕಲಿತವರು ‘ಕಾರೇ ಹಿಡಿದುಕೊಳ್ಳುತ್ತಲ್ಲ’ ಅಂತ ಧೈರ್ಯವಾಗಿ ಬ್ರೇಕ್ ಬಿಡ್ತಾರೆ. ಮುಂದಿನ ಗಾಡಿ ಹೊರಟ ಹಾಗೆ ಮಾಡಿ ಮತ್ತೆ ನಿಲ್ಲುತ್ತದೆ. ಇವರೂ ಕಾಯ್ತಾರೆ, ಬ್ರೇಕ್ ಮೇಲೆ ಕಾಲಿಲ್ಲದೆ. ಒಂದು, ಎರಡು... ಮುಗೀತು. ಕಾರು ಹಿಂದಕ್ಕೆ ಉರುಳುತ್ತದೆ, ಹಿಂದೆ ಸ್ಕೂಟರಿನಲ್ಲಿ ಯಾರೋ ಮಗುವನ್ನು ಮುಂದೆ ನಿಲ್ಲಿಸಿಕೊಂಡು ಬಂದಿರುತ್ತಾರೆ. ನನ್ನ ಸಿಟ್ಟಿರುವುದು ಇಲ್ಲೇ. ‘ಹಿಂದೆ ಬರೋದೇ ಇಲ್ಲ’ ಅಂತ ಹೇಳಿ ಮಾರುವವರು ‘ಎರಡು ಸೆಕೆಂಡು ಮಾತ್ರ ಬರೋದಿಲ್ಲ’ ಅಂತ ಪೂರ್ತಿ ಹೇಳಬೇಕಲ್ಲವಾ? ಹಿಲ್ ಹೋಲ್ಡ್ ಅನ್ನೋದು ಹ್ಯಾಂಡ್‌ಬ್ರೇಕ್ ಅಲ್ಲ. ಕಾಲು ಬದಲಿಸೋಕೆ ಕೊಟ್ಟ ಸಣ್ಣ ಬಿಡುವು.

ಇನ್ನೊಂದು ಕಿರಿಕಿರಿ ಏನು ಗೊತ್ತಾ? ಸಣ್ಣ ಏರಿನಲ್ಲಿ ಇದು ಕೆಲಸವನ್ನೇ ಮಾಡದೆ ಇರಬಹುದು. ಇಷ್ಟು ಕಡಿದಾಗಿದ್ದರೆ ಮಾತ್ರ ಅಂತ ಒಂದೊಂದು ಕಂಪನಿ ಒಂದೊಂದು ಲೆಕ್ಕ ಇಟ್ಟುಕೊಂಡಿದೆ. ಮಡಿಕೇರಿಯ ಏರಿನಲ್ಲಿ ಗಟ್ಟಿಯಾಗಿ ಹಿಡಿದ ಕಾರು ನಿಮ್ಮ ಬಡಾವಣೆಯ ಸಿಗ್ನಲ್ಲಿನ ಚಿಕ್ಕ ದಿಬ್ಬದಲ್ಲಿ ಮೆಲ್ಲಗೆ ಹಿಂದೆ ಸರಿಯುತ್ತದೆ. ಇದೆಯೋ ಇಲ್ಲವೋ ಅಂತ ಪ್ರತಿ ಸಲವೂ ಊಹೆ ಮಾಡುತ್ತಾ ಓಡಿಸುವುದಾದರೆ ಅದು ಸಹಾಯ ಹೇಗಾದೀತು? ಬೇಡದವರಿಗೆ ಆಫ್ ಮಾಡಲು ಒಂದು ಬಟನ್ನಾದರೂ ಬೇಡವೇ? ಕೆಲವೇ ಕಾರುಗಳಲ್ಲಿ ಆ ಅವಕಾಶ ಇದೆ, ಉಳಿದವುಗಳಲ್ಲಿ ಹೊಂದಿಕೊಂಡು ಹೋಗಬೇಕು. ಹೊಂದಿಕೊಂಡು ಹೋಗೋದು ನಮಗೇನು ಹೊಸದಾ ಅಂತೀರಾ, ಅದೂ ಸರಿಯೇ!

ಈ ಐಡಿಯಾ ಇಂದು ನಿನ್ನೆಯದಲ್ಲ ಅಂತ ತಿಳಿದಾಗ ನನಗೂ ಆಶ್ಚರ್ಯವಾಯಿತು. ಅಮೆರಿಕದ ಸ್ಟುಡ್‌ಬೇಕರ್ ಕಂಪನಿ 1936ರಲ್ಲೇ ‘ಹಿಲ್ ಹೋಲ್ಡರ್’ ಅಂತ ಕೊಟ್ಟಿತ್ತು. ಅದರಲ್ಲಿ ಸೆಕೆಂಡುಗಳ ಲೆಕ್ಕವೇ ಇರಲಿಲ್ಲ. ಏರಿನಲ್ಲಿ ನಿಂತಾಗ ಕ್ಲಚ್ ಒತ್ತಿ ಹಿಡಿದಿರುವಷ್ಟು ಹೊತ್ತು ಬ್ರೇಕ್ ಹಿಡಿದಿರುತ್ತಿತ್ತು, ಕ್ಲಚ್ ಬಿಟ್ಟ ಹಾಗೆ ಬ್ರೇಕೂ ಬಿಡುತ್ತಿತ್ತು. ಅಂದರೆ ಹಿಡಿತ ಓಡಿಸುವವರ ಎಡಗಾಲಿನಲ್ಲೇ ಇತ್ತು. ಈಗಿನದ್ದರಲ್ಲಿ ಗಡಿಯಾರದ ಹಿಡಿತ. ಅಜ್ಜಿಯ ಕಾಲದ ಬುದ್ಧಿಯೇ ವಾಸಿ ಅನ್ನಿಸಿತು ನನಗಂತೂ.

ಹಾಗಾದರೆ ನಾವೇನು ಮಾಡೋಣ? ನನ್ನ ಮಾತು ಕೇಳೋದಾದರೆ, ಹಿಲ್ ಹೋಲ್ಡ್ ಇಲ್ಲವೇ ಇಲ್ಲ ಅಂದುಕೊಂಡು ಏರು ಹತ್ತಿಸೋದನ್ನು ಮೊದಲು ಕಲಿಯಿರಿ. ಇದು ನನ್ನೊಬ್ಬಳ ಹಟವಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 15ನೇ ನಿಯಮವೇ ಹೇಳುತ್ತದೆ. ಲೈಸೆನ್ಸ್ ಬೇಕಾದವರು ಕಡಿದಾದ ಏರಿನಲ್ಲಿ ಗಾಡಿ ನಿಲ್ಲಿಸಿ, ಸ್ವಲ್ಪವೂ ಹಿಂದೆ ಜಾರದ ಹಾಗೆ ಮತ್ತೆ ಹೊರಡಿಸಿ ತೋರಿಸಬೇಕು. ನಿಮ್ಮನ್ನು ಯಾರಾದರೂ ಹಾಗೆ ಪರೀಕ್ಷೆ ಮಾಡಿದ್ದರಾ? ನಮ್ಮಲ್ಲಿ ಎಷ್ಟೋ ಮಂದಿಗೆ ನೆನಪಿರುವುದು ಮೈದಾನದಲ್ಲಿ ಹಾಕಿದ ಎಂಟು ಮಾತ್ರ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಂತೂ ಕಲಿಸುವವರ ಕಾಲಡಿಯಲ್ಲೂ ಕ್ಲಚ್ಚು, ಬ್ರೇಕು ಇರುತ್ತದೆ. ಏರು ಬಂದ ಕೂಡಲೇ ಅವರೇ ಒತ್ತಿ ದಾಟಿಸಿಬಿಡ್ತಾರೆ. ನಾವೇ ಓಡಿಸಿದೆವು ಅಂತ ಮನೆಗೆ ಬಂದು ಹೇಳಿಕೊಳ್ತೀವಿ! ದುಡ್ಡು ಕೊಟ್ಟು ಕಲಿಯುವವರು ‘ಸರ್, ಇವತ್ತು ನಿಮ್ಮ ಕಾಲು ಮೇಲಿಟ್ಟುಕೊಳ್ಳಿ, ಏರು ನಾನೇ ಹತ್ತಿಸ್ತೀನಿ’ ಅಂತ ಕೇಳುವುದರಲ್ಲಿ ಸಂಕೋಚ ಬೇಡ.

ಅಭ್ಯಾಸಕ್ಕೆ ಭಾನುವಾರ ಬೆಳಿಗ್ಗೆ ಆರು ಗಂಟೆ ಒಳ್ಳೆಯದು. ಜನ ಓಡಾಡದ ಒಂದು ಏರು ನೋಡಿಕೊಳ್ಳಿ. ಜೊತೆಗೆ ಬಂದವರು ಪಕ್ಕದಲ್ಲಿ ದೂರ ನಿಲ್ಲಲಿ, ಕಾರಿನ ಹಿಂದೆ ಮಾತ್ರ ಯಾರೂ ಬೇಡ. ಹೈ ಹೀಲ್ಸ್ ಮನೆಯಲ್ಲಿರಲಿ. ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆಯಿರಿ, ಕ್ಲಚ್ ಒತ್ತಿ ಫಸ್ಟ್ ಗೇರ್ ಹಾಕಿ. ಈಗ ಕಾಲಿನ ಬ್ರೇಕ್ ಬಿಡಿ. ಕಾರು ಹ್ಯಾಂಡ್‌ಬ್ರೇಕ್ ಮೇಲೆ ನಿಂತಿದೆ, ಆ ಎರಡು ಸೆಕೆಂಡು ತಾನಾಗಿ ಕಳೆದುಹೋಗುತ್ತದೆ, ಇನ್ನು ಹಿಲ್ ಹೋಲ್ಡ್‌ನ ಕಾಟವೇ ಇಲ್ಲ. ಸ್ವಲ್ಪ ಆಕ್ಸಿಲರೇಟರ್ ಕೊಡುತ್ತಾ ಕ್ಲಚ್ಚನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಿಡುತ್ತಾ ಬನ್ನಿ. ಇಂಜಿನ್ ಸದ್ದು ಬದಲಾಗುತ್ತದೆ, ಆರ್‌ಪಿಎಂ ಮುಳ್ಳು ಚೂರು ಇಳಿಯುತ್ತದೆ, ಕಾರಿನ ಮೂತಿ ಮೇಲೆದ್ದ ಹಾಗಾಗುತ್ತದೆ. ಎಡಗಾಲನ್ನು ಅಲ್ಲೇ ಹಿಡಿದು ಹ್ಯಾಂಡ್‌ಬ್ರೇಕ್ ಇಳಿಸಿ. ಕಾರು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೊರಡಬೇಕು. ಮೊದಲ ಸಲ ಆಫ್ ಆಗುತ್ತದೆ, ಎರಡನೇ ಸಲವೂ ಆಗಬಹುದು. ಆಗಲಿ. ಮೊದಲ ದೋಸೆ ಎಲ್ಲರದ್ದೂ ಹರಿದದ್ದೇ.

ಹ್ಯಾಂಡ್‌ಬ್ರೇಕ್ ಅಭ್ಯಾಸವಾದ ಮೇಲೆ ಅದಿಲ್ಲದೆಯೂ ಮಾಡಿ ನೋಡಿ. ಬಲಗಾಲು ಬ್ರೇಕ್ ಮೇಲೇ ಇರುವಾಗ ಎಡಗಾಲಿನಿಂದ ಕ್ಲಚ್ ಹಿಡಿಯುವ ಜಾಗದವರೆಗೆ ತನ್ನಿ. ಕಾರು ನಡುಗಿದ ಹಾಗಾದಾಗ ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಕೊಡಿ. ಹೀಗೆ ಕ್ಲಚ್ ಮೊದಲೇ ಹಿಡಿದಿದ್ದರೆ ಹಿಲ್ ಹೋಲ್ಡ್ ಬಂದರೂ ಬೇಗ ಬಿಟ್ಟುಕೊಡುತ್ತದೆ, ಬಾರದಿದ್ದರೂ ಕಾರು ಜಾರುವುದಿಲ್ಲ. ಗೆಳತಿಗೆ ಹೇಳಿಕೊಟ್ಟಿದ್ದೂ ಇದನ್ನೇ. ಬ್ರೇಕ್ ಬಿಟ್ಟ ಮೇಲೆ ಕ್ಲಚ್ ಹುಡುಕಬೇಡ, ಹುಡುಕಿದ ಮೇಲೆ ಬ್ರೇಕ್ ಬಿಡು ಅಂದೆ. ಒಂದು ಎಚ್ಚರಿಕೆ ಇದೆ. ಹಾಫ್ ಕ್ಲಚ್ ಬಂತು ಅಂತ ಸಿಗ್ನಲ್ ಪೂರ್ತಿ ಅದರ ಮೇಲೇ ಕಾರು ನಿಲ್ಲಿಸಿಕೊಂಡಿರಬೇಡಿ. ಕ್ಲಚ್ ಪ್ಲೇಟ್ ಸವೆಯುತ್ತದೆ, ಸುಟ್ಟ ವಾಸನೆ ಬರುತ್ತದೆ. ಮೆಕ್ಯಾನಿಕ್ ಕೊಡುವ ಬಿಲ್ ನೋಡಿದರೆ ತಿಂಗಳ ದಿನಸಿ ಖರ್ಚು ನೆನಪಾಗುತ್ತದೆ. ಕಾಯುವಾಗ ಹ್ಯಾಂಡ್‌ಬ್ರೇಕ್ ಎಳೆದು ನ್ಯೂಟ್ರಲ್ ಮಾಡಿ, ಕಾಲಿಗೂ ವಿಶ್ರಾಂತಿ.

‘ಅಷ್ಟೆಲ್ಲ ಯಾಕೆ, ಆಟೋಮ್ಯಾಟಿಕ್ ತಗೊಂಡುಬಿಡೋಣ ಬಿಡು’ ಅಂತ ಮನೆಯವರು ಹೇಳಬಹುದು. ಕೊಡಿಸುವುದಾದರೆ ಬೇಡ ಅನ್ನಬೇಡಿ! ಆದರೆ ಸಣ್ಣ ಕಾರಿಗೂ ಅದಕ್ಕೆ ಹತ್ತಾರು ಸಾವಿರ ಜಾಸ್ತಿ. ನಿಮಗೆ ಏರು ಹತ್ತಿಸೋಕೆ ಬರೋದಿಲ್ಲ ಅನ್ನುವ ಕಾರಣಕ್ಕೆ ಕೊಡಿಸುವುದಾದರೆ ನಾನು ಒಪ್ಪೋದಿಲ್ಲ. ನಾಳೆ ತವರಿನಲ್ಲಿ ಅಪ್ಪನಿಗೆ ರಾತ್ರಿ ಎದೆನೋವು ಬಂದರೆ ಅಂಗಳದಲ್ಲಿ ನಿಂತಿರುವುದು ಅಣ್ಣನ ಹತ್ತು ವರ್ಷದ ಹಳೇ ಗಾಡಿ. ಅದರಲ್ಲಿ ಹಿಲ್ ಹೋಲ್ಡೂ ಇಲ್ಲ, ಆಟೋಮ್ಯಾಟಿಕ್ಕೂ ಇಲ್ಲ. ಆಸ್ಪತ್ರೆ ದಾರಿಯಲ್ಲಿ ಏರು ಮಾತ್ರ ಇದ್ದೇ ಇರುತ್ತದೆ. ಮಂಗಳೂರು, ಮಡಿಕೇರಿ ಕಡೆ ತವರಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೊಸ ಕಾರು ನೋಡಲು ಹೊರಟವರಿಗೆ ಒಂದು ಮಾತು. ಟೆಸ್ಟ್ ಡ್ರೈವ್‌ಗೆ ಶೋರೂಮಿನವರು ಸಮತಟ್ಟಾದ ರಿಂಗ್ ರೋಡಿಗೆ ಕರೆದುಕೊಂಡು ಹೋಗ್ತಾರೆ, ಬೇಡ ಅನ್ನಿ. ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೇ ತರಿಸಿ, ಆ ಏರಿನಲ್ಲಿ ನಿಲ್ಲಿಸಿ, ನೀವೇ ಹೊರಡಿಸಿ ನೋಡಿ. ಹಿಲ್ ಹೋಲ್ಡ್ ಎಷ್ಟು ಸೆಕೆಂಡು ಹಿಡಿಯುತ್ತದೆ, ಯಾವಾಗ ಹಿಡಿಯುವುದಿಲ್ಲ, ರಿವರ್ಸ್‌ನಲ್ಲಿ ಏರು ಹತ್ತಿಸುವಾಗಲೂ ಬರುತ್ತದಾ, ಬೇಡವಾದರೆ ಆಫ್ ಮಾಡಬಹುದಾ ಅಂತ ಕೇಳಿ. ಹ್ಯಾಂಡ್‌ಬ್ರೇಕ್ ಲಿವರ್ ಬದಲು ಬಟನ್ ಕೊಟ್ಟಿದ್ದರೆ ಅದು ಏರಿನಲ್ಲಿ ಹೇಗೆ ಬಿಡುತ್ತದೆ ಅಂತಲೂ ಮಾಡಿ ತೋರಿಸಲಿ. ಸೇಲ್ಸ್ ಹುಡುಗ ತಡವರಿಸಿದರೆ ಒಳಗಿನಿಂದ ಸರ್ವಿಸ್‌ನವರನ್ನು ಕರೆಸಿ ಅನ್ನಿ. ಕಾರಿನ ಜೊತೆ ಕೊಡುವ ದಪ್ಪ ಪುಸ್ತಕದಲ್ಲೂ ಇದೆಲ್ಲ ಬರೆದಿರುತ್ತದೆ, ಗ್ಲೋವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಮಲಗಿರುತ್ತದಲ್ಲ, ಅದೇ.