ಹೆರಿಗೆಯ ಸೂಚನೆ ಗಂಡಸರಿಗೂ ಗೊತ್ತಿರಲಿ

ಹೆರಿಗೆ ಹತ್ತಿರವಾದಾಗ ದೇಹ ಕೊಡುವ ಸೂಚನೆಗಳ ಬಗ್ಗೆ ಮಾತು ಬಂದರೆ ‘ಅದು ಹೆಂಗಸರ ವಿಚಾರ’ ಅಂತ ನಾವು ಗಂಡಸರು ಎದ್ದು ಹೋಗುತ್ತೇವೆ. ಆದರೆ ರಾತ್ರಿ ಎರಡು ಗಂಟೆಗೆ ಮಗಳಿಗೆ ನೋವು ಬಂದರೆ ಗಾಡಿ ತೆಗೆಯುವವರು ಯಾರು? ಎಷ್ಟೋ ಮನೆಗಳಲ್ಲಿ ಗಂಡ ಗಲ್ಫ್‌ನಲ್ಲಿ. ‘ಬೆಳಗಾಗಲಿ ನೋಡೋಣ’, ‘ಅವನಿಗೆ ಫೋನ್ ಮಾಡಿ ಕೇಳೋಣ’ ಅನ್ನುವುದರಲ್ಲೇ ಹೊತ್ತು ಹೋಗುತ್ತದೆ.

ಈ ನಾಚಿಕೆಗೆ ದೀನಿನ ಹೆಸರು ಕೊಡುವುದು ಸರಿಯಲ್ಲ. ಹೈಳ್, ನಿಫಾಸ್‌ನ ಮಸ್‌ಅಲಗಳನ್ನು ನಾವು ಕಿತಾಬು ನೋಡಿಯೇ ಕಲಿಸುತ್ತೇವೆ. ಕುರ್‌ಆನ್‌ನ ಮರ್ಯಮ್ ಸೂರಾದಲ್ಲಿ ಬೀಬಿ ಮರ್ಯಮ್‌ರ ಹೆರಿಗೆ ನೋವಿನ ವಿವರಣೆಯೇ ಇದೆ. ನೋವು ತಾಳಲಾರದೆ ಖರ್ಜೂರದ ಮರದ ಬುಡಕ್ಕೆ ಬಂದ ಅವರಿಗೆ ಅಲ್ಲಾಹನು ನೀರು, ತಾಜಾ ಖರ್ಜೂರ ಒದಗಿಸಿದ. ಅವನೇ ಮರೆಮಾಚದ ನೋವನ್ನು ನಾವು ಯಾಕೆ ಮುಚ್ಚಿಡಬೇಕು?

ಇನ್ನು ಸೂಚನೆಗಳ ವಿಷಯ. ಕೊನೆಯ ವಾರಗಳಲ್ಲಿ ಹೊಟ್ಟೆ ಸ್ವಲ್ಪ ಕೆಳಗಿಳಿಯುತ್ತದೆ. ಉಸಿರಾಟ ಸಲೀಸಾಗಿ, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುತ್ತದೆ. ಸೊಂಟ ನೋಯುತ್ತದೆ. ಲೋಳೆಯಂತಹ ಸ್ರಾವದಲ್ಲಿ ಸ್ವಲ್ಪ ರಕ್ತದ ಬಣ್ಣ ಕಾಣಬಹುದು. ಇವು ದಿನ ಹತ್ತಿರ ಬಂತು ಎಂಬುದರ ಗುರುತು, ಗಾಬರಿ ಬೇಡ.

ಸುಳ್ಳು ನೋವು ಬಂದು ಹೋಗುತ್ತದೆ. ಮಲಗಿದರೆ, ನಡೆದಾಡಿದರೆ ಕಡಿಮೆಯಾಗುತ್ತದೆ. ನಿಜವಾದ ನೋವು ಹಾಗಲ್ಲ. ಅದು ಅಲೆಯಂತೆ ಬರುತ್ತದೆ, ಹೊಟ್ಟೆ ಗಟ್ಟಿಯಾಗುತ್ತದೆ, ನಡುವಿನ ಅಂತರ ಕಮ್ಮಿಯಾಗುತ್ತಾ ನೋವು ಜೋರಾಗುತ್ತದೆ. ಗಡಿಯಾರ ನೋಡಿ ಬರೆದಿಡಿ. ಐದು ನಿಮಿಷಕ್ಕೊಮ್ಮೆ ಬರತೊಡಗುವವರೆಗೂ ಮನೆಯಲ್ಲೇ ಕೂರಬೇಡಿ. ಎರಡನೇ, ಮೂರನೇ ಹೆರಿಗೆ ಬೇಗ ಆಗುವುದುಂಟು. ಆಸ್ಪತ್ರೆ ದೂರವಿದ್ದರೆ ಇನ್ನೂ ಮೊದಲೇ ಹೊರಡಬೇಕು.

ಕೆಲವು ಸೂಚನೆಗಳಿಗೆ ನೋವು ಬರಲಿ ಅಂತಲೂ ಕಾಯಬಾರದು. ನೀರು ಹೋದರೆ, ಅದು ಹಸಿರು ಬಣ್ಣ ಇದ್ದರಂತೂ, ತಕ್ಷಣ ಹೊರಡಿ. ರಕ್ತ ಜಾಸ್ತಿ ಹೋದರೆ, ಮಗುವಿನ ಅಲುಗಾಟ ಕಮ್ಮಿಯಾದರೆ, ವಿಪರೀತ ತಲೆನೋವು ಬಂದು ಕಣ್ಣು ಮಂಜಾದರೆ, ಫಿಟ್ಸ್ ಬಂದರೆ, 37 ವಾರ ತುಂಬುವ ಮೊದಲೇ ನೋವು ಶುರುವಾದರೆ ಸಹ ಹಾಗೆಯೇ. ‘ಇನ್ನೂ ದಿನ ಇದೆ’ ಅನ್ನುವ ಮಾತು ಆಗ ಬೇಡ.

ಗಂಡನಿಗೆ ಫೋನ್ ಮಾಡಿ, ಆದರೆ ದಾರಿಯಲ್ಲಿ ಮಾಡಿ. ಚಿಕಿತ್ಸೆಗೆ ಒಪ್ಪಿಗೆ ಕೊಡಲು ಪ್ರಾಯಕ್ಕೆ ಬಂದ ಹೆಣ್ಣಿಗೆ ಸ್ವತಃ ಅಧಿಕಾರವಿದೆ. ಗಲ್ಫ್‌ನಲ್ಲಿರುವ ಸಹೋದರರೇ, ‘ನನ್ನನ್ನು ಕೇಳಲು ಕಾಯಬೇಡಿ’ ಅಂತ ಇವತ್ತೇ ಮನೆಗೆ ಹೇಳಿಬಿಡಿ.

ಒಂಟೆಯನ್ನು ಕಟ್ಟಿ, ಆಮೇಲೆ ತವಕ್ಕುಲ್ ಇಡಿ ಎಂದು ಪ್ರವಾದಿಯವರು (ಸ) ಕಲಿಸಿದ್ದಾರೆ. ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟ್, ಬಟ್ಟೆ, ಸ್ವಲ್ಪ ಹಣ ಎಂಟನೇ ತಿಂಗಳಲ್ಲೇ ಒಂದು ಬ್ಯಾಗಿನಲ್ಲಿರಲಿ. ಆಶಾ ಕಾರ್ಯಕರ್ತೆಯ ನಂಬರ್, 108 ಗೋಡೆಯ ಮೇಲಿರಲಿ. ಒಂಟೆ ಕಟ್ಟುವುದೆಂದರೆ ಇದೇ.

ನಮ್ಮ ಜಮಾಅತ್‌ಗಳಲ್ಲಿ ಮಯ್ಯಿತ್ ಪರಿಪಾಲನೆಗೆ ರಾತ್ರಿ ಎಷ್ಟು ಹೊತ್ತಿಗೂ ಯುವಕರು ಸಿದ್ಧರಿರುತ್ತಾರೆ. ಅಲ್ಹಮ್ದುಲಿಲ್ಲಾಹ್, ದೊಡ್ಡ ಕೆಲಸ. ಹುಟ್ಟುವ ಜೀವಕ್ಕೂ ಅಷ್ಟೇ ತಯಾರಿ ಬೇಡವೇ? ರಾತ್ರಿ ಕರೆದರೆ ಗಾಡಿ ತರುವ ನಾಲ್ಕು ಜನರ ಹೆಸರು, ನಂಬರ್ ಬರೆದು ಮೊಹಲ್ಲಾದ ಪ್ರತಿ ಮನೆಗೆ ತಲುಪಿಸುವುದಕ್ಕೆ ಕಮಿಟಿಗೆ ಒಂದು ಪೈಸೆ ಖರ್ಚಿಲ್ಲ. ಮುಂದಿನ ಜುಮಾದ ನಂತರ ಹತ್ತು ನಿಮಿಷ ಕುಳಿತರೆ ಸಾಕು.